ಮೈಗೆ ಹತ್ತದ ಅನ್ನ

ಬೊಂಬಾಯಿ
೧೨ ಆಗಸ್ಟ್ ೧೯೭೬

ಜಗಳೂರಿನಾಗಿರೋ ನನ್ನ ಅಕ್ಕ ಹನುಮಂತಮ್ಮನಿಗೆ ತಮ್ಮ ತಿಪ್ಪೇಶ ಕೈ ಮುಗಿದು ಬರೆಯೋದು.

ನಾನು ಹೊನ್ನಾಳಿ ಬಿಟ್ಟು ಬಂದ ಸುದ್ದಿ ಅವ್ವ ನಿನಗೆ ಮುಟ್ಟಿಸಿರಬೇಕು. ಮೊದಲು ಚಿಕ್ಕಹನುಮಂತಪ್ಪ ಮಾವನ ಮನೆಯಾಗಿದ್ದೆ, ಈಗ ಆಸ್ಪತ್ರೆ ಸೇರಿದೀನಿ. ಮಾವ ರೈಲ್ವೆ ವರ್ಕ್‌ಶಾಪಿಗೆ ಹೋಗೋ ದಾರಿಯಾಗೆ ದಿನಾ ಬಂದು ನೋಡಿಕೊಂಡು ಹೋಗ್ತಾರೆ. ಮಾವ ಬೌದ್ಧರಾಗ್ಯಾರೆ, ಅವರ ಮನೆ ಗೋಡೆ ಮೇಲೆ ಈಗ ಬುದ್ಧನ ಪಟ ಒಂದೇ ಐತೆ. ಆದರೂ ನಾನು ಹೊರಡೋವಾಗ ಅತ್ತೆ, ಮಾವನಿಗೆ ಕಾಣದಂಗೆ ನನ್ನ ಹಣೆಗೆ ದೇವರ ಭಂಡಾರ ಹಚ್ಚಿ ಕಳಿಸಿದಳು.

ನಾಡಿದ್ದು ಆಪರೇಷನ್. ದೊಡ್ಡ ಡಾಕ್ಟರು ಕಾಗದದ ಮೇಲೆ ಕರುಳಿನ ಚಿತ್ರ ಬರೆದು ತೋರಿಸಿದರು. ಸಣ್ಣ ಕರುಳಿನ ಮೇಲಿನ ತುದಿ ಒಂದಿಷ್ಟು, ಕೆಳಗಿನ ತುದಿ ಒಂದಿಷ್ಟು ಹಿಡಿದು ಒಂದಕ್ಕೊಂದು ಸೇರಿಸಿ ಹೊಲೀತಾರಂತೆ. ನಡುವಿನ ಉದ್ದನೆ ಕರುಳು ಹೊಟ್ಟೆಯಾಗೇ ಇರ್ತೈತೆ, ಆದರೆ ಉಂಡ ಅನ್ನ ಆ ಕಡೆ ಹೋಗಲ್ಲ. "ಊರೊಳಗೆ ಹೋಗದೆ ಬಸ್ಸು ಹೊರಗಿನ ರಸ್ತೆಯಾಗೇ ಹೋದಂಗೆ ಅಲ್ಲೇನ್ರಿ" ಅಂದೆ. ಮಾವ ಅದನ್ನ ಹಿಂದಿಯಾಗೆ ಹೇಳಿದರು. ಡಾಕ್ಟರು ಜೋರಾಗಿ ನಕ್ಕು ನನ್ನ ಬೆನ್ನು ತಟ್ಟಿದರು. ತಿಂದದ್ದು ಮೈಗೆ ಹತ್ತಲ್ಲ, ಮೈ ತಾನಾಗೇ ಇಳೀತೈತೆ ಅಂದರು. ಹೊಸ ಆಪರೇಷನ್ ಅಂತ ನಮ್ಮಂಥೋರಿಗೆ ಬಿಟ್ಟಿ ಮಾಡ್ತಾರೆ. ವಯಸ್ಸಿನ ಹುಡುಗ, ತಡ್ಕೊಳ್ತಾನೆ ಅಂತ ನನ್ನನ್ನ ಬೇಗ ಆರಿಸಿಕೊಂಡರು.

ಆಮೇಲೆ ಬದುಕಿರೋವರೆಗೂ ಮಾತ್ರೆ ನುಂಗಬೇಕಂತೆ, ವರ್ಷಕ್ಕೊಂದು ಸಲ ಇಲ್ಲಿಗೆ ಬಂದು ತೋರಿಸಬೇಕಂತೆ. ಹೂಂ ಅಂದೆ. ಅವರು ಏನು ಕೇಳಿದ್ದರೂ ಹೂಂ ಅಂತಿದ್ದೆ.

ಅಕ್ಕ, ಹೊನ್ನಾಳಿ ಬಸ್ ಸ್ಟ್ಯಾಂಡಿನಾಗೆ ಏಜೆಂಟ್ ಅಂತ ನಿಂತು ಕೂಗಿ ಕೂಗಿ ಜನ ಹತ್ತಿಸ್ತೀನಿ. ಕಂಡಕ್ಟರ್ ಮಾಡಿಕೊಳ್ರಿ ಅಂತ ಮಾಲೀಕರನ್ನ ಕೇಳಿದರೆ, "ನೀನು ಹತ್ತಿದರೆ ಪ್ಯಾಸೆಂಜರ್ ಎಲ್ಲಿ ನಿಲ್ಲಬೇಕೋ?" ಅಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಇನ್ನು ನಗಾಕೆ ನನ್ನ ಕೈಲಿ ಆಗಲ್ಲ. ಅವ್ವನಿಗೆ ಸಮಾಧಾನ ಹೇಳು.

ನಿನ್ನ ತಮ್ಮ
ತಿಪ್ಪೇಶ


ಜಗಳೂರು
೩ ಅಕ್ಟೋಬರ್ ೧೯೭೬

ತಮ್ಮ ತಿಪ್ಪೇಶನಿಗೆ ಅಕ್ಕನ ಆಶೀರ್ವಾದ.

ಹೊಲಿಗೆ ಬಿಚ್ಚಿದರು ಅಂತ ಮಾವ ಬರೆಸಿದ ಕಾಗದ ಬಂದಾಗ ನಾನು ಹೊಲದಾಗೆ ಶೇಂಗಾ ಕೀಳ್ತಿದ್ದೆ. ನಿಮ್ಮ ಭಾವ ಅಲ್ಲಿಗೇ ತಂದು ಓದಿ ಹೇಳಿದರು. ಆಮೇಲೆ ನಾನು ಇನ್ನೊಂದು ಸಲ ಓದಿಕೊಂಡೆ. ಜೀವ ಉಳೀತಲ್ಲ, ಅಷ್ಟು ಸಾಕು.

ಅವ್ವ ಸಂತೇಬೆನ್ನೂರಿನಿಂದ ಬಂದು ನನ್ನ ಹತ್ರ ಇದ್ದು ಹೋದಳು. ಉಣ್ಣಾಕೆ ಕೂತಾಗೆಲ್ಲ, "ನಾನು ಹಡೆದ ಮೈಯಾಗೆ ಏನು ತಪ್ಪಿತ್ತೇ, ಅದನ್ನ ಕೊಯ್ಯೋವಂಥಾದ್ದು?" ಅಂತ ಕೇಳೋಳು. ಕೇರಿಯಾಗೆ ಎಲ್ಲರ ಹೊಟ್ಟೆ ಬೆನ್ನಿಗೆ ಹತ್ತಿದ್ದ ಕಾಲದಾಗೂ ನೀನು ಊದಿಕೊಂಡೇ ಇದ್ದೆ. ಉಚ್ಚಂಗಮ್ಮ ಮಗನಿಗೆ ಕದ್ದು ಉಣಿಸ್ತಾಳೆ ಅಂತ ಜನ ಆಡಿಕೊಂಡರು. ಅವ್ವ ನನಗೆ ಎಷ್ಟು ಹಾಕ್ತಿದ್ದಳೋ ನಿನಗೂ ಅಷ್ಟೇ ಹಾಕ್ತಿದ್ದಳು. ಅದನ್ನ ನಾನು ಕಣ್ಣಾರೆ ನೋಡೀನಿ. ನಿನ್ನ ಮೈಯೇ ಹಂಗಿತ್ತು, ಅದಕ್ಕೆ ಯಾರೇನು ಮಾಡ್ತಾರೆ.

ನನಗೆ ಈಗ ಆರು ತಿಂಗಳು. ಗಂಡಾದರೆ ಜವಳದ ದಿನ ಸೋದರಮಾವ ನೀನೇ ತೊಡೆ ಮೇಲೆ ಕೂರಿಸಿಕೋಬೇಕು. ಅಷ್ಟೊತ್ತಿಗೆ ಗಟ್ಟಿಯಾಗು. ಡಾಕ್ಟರು ಹೇಳಿದ ಮಾತ್ರೆ ಬಿಡಬೇಡ.

ನಿನ್ನ ಅಕ್ಕ
ಹನುಮಂತಮ್ಮ


ಹೊನ್ನಾಳಿ
೨೦ ಜೂನ್ ೧೯೭೭

ಅಕ್ಕನಿಗೆ, ಭಾವನಿಗೆ, ಕೂಸಿಗೆ ತಿಪ್ಪೇಶನ ನೆನಪುಗಳು.

ನನ್ನನ್ನ ಈಗ ನೋಡಿದರೆ ನೀನು ಗುರುತು ಹಿಡಿಯಲ್ಲ. ಟೈಲರ್ ಹತ್ರ ಹಳೆ ಪ್ಯಾಂಟು ಕೊಟ್ಟರೆ, "ಇದರಾಗೆ ಎರಡು ಮಾಡಿಕೊಡ್ಲೇನಣ್ಣ?" ಅಂದ. ಮಾಲೀಕರು ನನ್ನನ್ನ ಮೇಲಿಂದ ಕೆಳಗೆ ನೋಡಿ ಟಿಕೆಟ್ ಚೀಲ ತಗೊಂಡು ಕೈಗೆ ಕೊಟ್ಟರು. ಹೊನ್ನಾಳಿಯಿಂದ ದಾವಣಗೆರೆ ಮೇಲೆ ನಿಮ್ಮ ಜಗಳೂರಿನ ತನಕ ಬರೋ ಬಸ್ಸು. ಮೊದಲನೇ ದಿನ ನಿಂತ ಜನದ ನಡುವೆ ನುಸುಳಿ ಹಿಂದಿನ ಸೀಟಿನ ತನಕ ಹೋಗಿ ಬಂದೆ ಅಕ್ಕ. ಯಾರಿಗೂ ಮೈ ತಾಗಲಿಲ್ಲ. ಬೇಕಂತಲೇ ಇನ್ನೊಂದು ಸಲ ಹೋಗಿ ಬಂದೆ.

ಹೊಟ್ಟೆ ಮಾತ್ರ ಹೇಳಿದ ಮಾತು ಕೇಳಲ್ಲ. ಉಂಡರೆ ಓಡಬೇಕು. ಅದಕ್ಕೆ ಡ್ಯೂಟಿ ದಿನ ಏನೂ ಮುಟ್ಟಲ್ಲ. ಆದರೂ ಕೆಲವು ಸಲ ತಡಿಯಾಕೆ ಆಗಲ್ಲ. ಡ್ರೈವರ್ ಮೂಕಪ್ಪಣ್ಣ ಕನ್ನಡಿಯಾಗೆ ನನ್ನ ಮುಖ ನೋಡೇ ತಿಳ್ಕೊಳ್ತಾನೆ. ಜಾಲಿ ಗಿಡ ದಟ್ಟಾಗಿರೋ ಕಡೆ ಬಸ್ಸು ನಿಲ್ಲಿಸಿ, ತಾನೂ ಇಳಿದು ಟೈರು ಒದ್ದು ಒದ್ದು ನೋಡ್ತಾನೆ. ಜನ ಟೈರಿಗೆ ಏನೋ ಆಗೈತೆ ಅನ್ಕೊಳ್ತಾರೆ. ಬರೆಯೋವಾಗ ನಗು ಬರ್ತೈತೆ. ಆವಾಗ ಬರಲ್ಲ.

ಒಂದು ಸಲ ಬೊಂಬಾಯಿಗೆ ಹೋಗಿ ತೋರಿಸಿಕೊಂಡು ಬಂದೆ. ಡಾಕ್ಟರು ಬೇರೆ ಡಾಕ್ಟರುಗಳನ್ನ ಕರೆದು ನನ್ನನ್ನ ನಿಲ್ಲಿಸಿ ತೋರಿಸಿದರು. ಇನ್ನು ರಜ ಸಿಗೋದು ಕಷ್ಟ. ಅಲ್ಲಿಂದ ತಂದ ಮಾತ್ರೆ ತೀರಿದವು, ಅವು ಇಲ್ಲಿ ಅಂಗಡಿಯಾಗೆ ಸಿಗಲ್ಲ. ಓಡಾಡಿಕೊಂಡು ಇರೋನಿಗೆ ಮಾತ್ರೆ ಯಾಕೆ ಹೇಳು.

ಮೂಕಪ್ಪಣ್ಣ ಸವಳಂಗದಾಗೆ ಒಂದು ಹೆಣ್ಣು ನೋಡ್ಯಾನೆ. ಅಂಜಮ್ಮ ಅಂತ. ನೋಡಾಕೆ ಹೋಗಿದ್ದೆ. ಹಿಂದೆ ಎರಡು ಕಡೆ ನನ್ನನ್ನ ಕಂಡು ಹೆಣ್ಣು ಒಳಗಿಂದ ಹೊರಗೇ ಬಂದಿರಲಿಲ್ಲ, ನಿನಗೆ ಗೊತ್ತೈತೆ. ಈ ಹುಡುಗಿ ನೀರು ತಂದುಕೊಟ್ಟು ಅಲ್ಲೇ ನಿಂತಳು. ಆಪರೇಷನ್ ಆದದ್ದು ಹೇಳಿದೀನಿ. ಹೊಟ್ಟೆ ಓಡೋದು ಹೇಳಿಲ್ಲ, ಅದು ಸರಿ ಹೋಗ್ತೈತಲ್ಲ.

ನಿನ್ನ
ತಿಪ್ಪೇಶ


ಜಗಳೂರು
೧೧ ಮಾರ್ಚ್ ೧೯೭೮

ಮದುಮಗ ತಮ್ಮನಿಗೂ ನನ್ನ ಹೊಸ ನಾದಿನಿಗೂ ಹರಸಿ ಬರೆದದ್ದು.

ಮದುವೆ ಮುಗಿಸಿ ಬಂದಾಗಿಂದ ನನಗೆ ಊರಾಗೆ ಅದೇ ಮಾತು. ಚಪ್ಪರದ ಕೆಳಗೆ ನೀನು ನಿಂತಾಗ ನಮ್ಮ ಅಪ್ಪನೇ ವಯಸ್ಸಿಗೆ ಬಂದು ನಿಂತಂಗಿತ್ತು. ಇಷ್ಟು ದಿನ ಆ ಮುಖ ಎಲ್ಲಿತ್ತೋ! ನಿಮ್ಮ ಭಾವ ಬಸ್ಸಿನಾಗೆ ಬರೋವಾಗ, "ನಿನ್ನ ತಮ್ಮ ಸಿನಿಮಾದೋನಂಗೆ ಕಾಣ್ತಾನೆ ಕಣೇ" ಅಂದರು.

ಅವ್ವನಿಗೆ ಮಾತ್ರ ಸಮಾಧಾನ ಇಲ್ಲ. ನೀನು ಊಟಕ್ಕೆ ಕೂತು ಅನ್ನದಾಗೆ ಬೆರಳಾಡಿಸಿ ಎದ್ದದ್ದನ್ನ ಅವಳು ನೋಡಿದಳಂತೆ. ಮದುವೆ ಮಕ್ಕಳು ಎಲ್ಲಿ ಉಣ್ತಾರೆ ಅಂತ ನಾನೇ ಬಾಯಿ ಮುಚ್ಚಿಸಿದೆ. ನಿನ್ನ ಕೂದಲು ನಡುನೆತ್ತಿಯಾಗೆ ತೆಳ್ಳಗಾಗೈತೆ. ಎಣ್ಣೆ ಹಚ್ಚು.

ನಿನ್ನ ಅಳಿಯ ಪುಟ್ಟ ಹೆಜ್ಜೆ ಇಟ್ಟು ಹೊಸಲು ದಾಟಾಕೆ ಕಲಿತಾನೆ. ಬರೋ ವರ್ಷ ಅವನ ಜವಳ. ಇಬ್ಬರೂ ಬರಬೇಕು.

ಹನುಮಂತಮ್ಮ


ಜಗಳೂರು
೧೬ ಮೇ ೧೯೭೯

ತಿಪ್ಪೇಶಪ್ಪನಿಗೆ,

ನೀನು ಊರಿಗೆ ಮುಟ್ಟಿದೆಯೋ ಇಲ್ಲವೋ ಅಂತ ಕೇಳಾಕೆ ಬರೀತಿಲ್ಲ. ನಿನ್ನದೇ ಬಸ್ಸು ಹತ್ತಿ ಹೋದೆ ಅಂತ ನೋಡಿದೋರು ಹೇಳಿದರು.

ನಮ್ಮ ಅತ್ತೆ ಮನೆ ಬಳಗ ಅಷ್ಟೂ ಕೂಡಿತ್ತು. ಕ್ಷೌರದೋನು ಕತ್ತಿ ಮಸೆದುಕೊಂಡು ಕೂತಿದ್ದ. ಸೋದರಮಾವ ಎಲ್ಲಿ, ಸೋದರಮಾವ ಎಲ್ಲಿ ಅಂತ ಎಲ್ಲರೂ ನನ್ನನ್ನೇ ಕೇಳಿದರು. ಹಿತ್ತಲಾಗೆ ನೋಡಿದೆ, ರಸ್ತೆ ತನಕ ಹೋಗಿ ನೋಡಿದೆ. ಕೊನೆಗೆ ನಿಮ್ಮ ಭಾವನ ತಮ್ಮ ಹುಡುಗನ್ನ ತೊಡೆ ಮೇಲೆ ಕೂರಿಸಿಕೊಂಡ. ನಿನ್ನ ಎಲೆಗೆ ಬಡಿಸಿದ್ದು ಹಂಗೇ ಇತ್ತು. ನಮ್ಮ ಅತ್ತೆ ಅದನ್ನ ಎತ್ತಿ ದನಕ್ಕೆ ಹಾಕಿದರು. ಹಾಕೋವಾಗ ನನ್ನ ಕಡೆ ನೋಡಿದರು, ಏನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ದಪ್ಪಗಿದ್ದಾಗ ನೀನು ಯಾರ ಮನೆಯಾಗೂ ಉಣ್ಣಾಕೆ ನಾಚ್ತಿದ್ದೆ, ನನ್ನ ಮನೆಯಾಗೆ ಮಾತ್ರ ಉಣ್ತಿದ್ದೆ. ಹೊಟ್ಟೆ ಈಗ ಸರಿ ಹೋಗೈತೆ ಅಂತ ನೀನೇ ಅಂದಿದ್ದೆ. ತೆಳ್ಳಗಾದ ಮೇಲೆ ನನ್ನ ಅನ್ನ ನಿನಗೆ ಹಿಡಿಸದಂಗೆ ಆಯ್ತೇನೋ.

ಹನುಮಂತಮ್ಮ


ನ್ಯಾಮತಿ
೪ ಜೂನ್ ೧೯೭೯

ಅಕ್ಕನಿಗೆ ನಮಸ್ಕಾರ.

ಕಾಗದ ಬಂತು. ಆವತ್ತು ಡ್ಯೂಟಿ ಇತ್ತು, ಅದಕ್ಕೆ ಹೊರಟೆ. ತಪ್ಪು ತಿಳ್ಕೋಬೇಡ. ನಾವು ಈಗ ನ್ಯಾಮತಿಯಾಗೆ ಮನೆ ಮಾಡೀವಿ. ಅಳಿಯನಿಗೆ ಅಂತ ಇಟ್ಟಿದ್ದ ಉಡಿದಾರ ಮೂಕಪ್ಪಣ್ಣನ ಕೈಲಿ ಕಳಿಸಿದೀನಿ.

ತಿಪ್ಪೇಶಪ್ಪ


ನ್ಯಾಮತಿ
೯ ನವೆಂಬರ್ ೧೯೮೧

ಅಕ್ಕಾರಿಗೆ ಅಂಜಮ್ಮ ಪಾದ ಮುಟ್ಟಿ ಬರೆಯೋದು.

ನಿಮ್ಮ ಕಾಗದ ಬಂದು ಎರಡು ವರ್ಷದ ಮೇಲಾಯ್ತು. ನಾನು ಬರೆಯೋದು ಇವರಿಗೆ ಗೊತ್ತಿಲ್ಲ. ಗೊತ್ತಾದರೆ ಬೈತಾರೆ, ಬೈಲಿ.

ಈಗ ಇವರ ಬಸ್ಸು ಚನ್ನಗಿರಿ ಮೇಲೆ ದಾವಣಗೆರೆಗೆ ಹೋಗ್ತೈತೆ. ಹೋದ ವಾರ ಚನ್ನಗಿರಿ ಬಸ್ ಸ್ಟ್ಯಾಂಡಿನಾಗೆ ಸಂಜೆ ಹೊತ್ತಿನಾಗೆ ಬಸ್ಸಿನ ಮೆಟ್ಟಿಲಿನಿಂದ ಬಿದ್ದರು. ಮೆಟ್ಟಿಲು ಇವರಿಗೆ ಕಾಣಲಿಲ್ಲ ಅಕ್ಕಾರೇ. ಹೊತ್ತು ಮುಳುಗಿದರೆ ಇವರ ಕಣ್ಣು ಕಾಣಲ್ಲ. ಒಂದು ವರ್ಷದಿಂದ ಹಿಂಗೆ. ಬಸ್ಸಿನ ಲೈಟು ಹಾಕೋವರೆಗೂ ಚಿಲ್ಲರೆನ ಬೆರಳಿನಾಗೆ ಮುಟ್ಟಿ ನೋಡಿ ಕೊಡ್ತಿದ್ದರಂತೆ. ಬಿದ್ದದ್ದು ಅಷ್ಟೇನು ಎತ್ತರ ಅಲ್ಲ, ಆದರೂ ಕಾಲಿನ ಮೂಳೆ ಮುರೀತು. ಶಿವಮೊಗ್ಗದ ಡಾಕ್ಟರು ಫೋಟೋ ತೆಗೆದು, ಇಪ್ಪತ್ತೇಳು ವರ್ಷದೋನ ಮೂಳೆ ಅಲ್ಲ ಇದು, ಮುದುಕರದು ಇದ್ದಂಗೈತೆ ಅಂದರು. ಮೂತ್ರಪಿಂಡದಾಗೆ ಕಲ್ಲು ಬೇರೆ ಅವೆ. ಬೇಸಿಗೆಯಾಗೆ ನೋವು ಬಂದಾಗ ಗೋಡೆಗೆ ತಲೆ ಒತ್ತಿ ನಿಂತಿರ್ತಾರೆ. ಏನೆಂದು ಕೇಳಿದರೆ ಸೆಖೆ ಅಂತಾರೆ. ಹೊಟ್ಟೆಯಂತೂ ಒಂದು ದಿನ ನಿಂತಿಲ್ಲ.

ನಿಮ್ಮ ಮಗನ ಜವಳಕ್ಕೆ ನನಗೆ ಬರಾಕೆ ಆಗಿರಲಿಲ್ಲ, ಅಲ್ಲಿ ನಡೆದ ಸಂಗತಿ ಹೋದ ತಿಂಗಳು ಹೇಳಿದರು. ಆವತ್ತು ನೀವು ಬಲವಂತ ಮಾಡಿದಿರಿ ಅಂತ ಬೆಳಗ್ಗೆ ಒಂದು ರೊಟ್ಟಿ ತಿಂದರಂತೆ. ಆಮೇಲೆ ಹೊಲದ ಕಡೆಗೆ ಹೋಗೋದು, ಬರೋದು. ಅಷ್ಟು ಜನದ ಮುಂದೆ ಹುಡುಗನ್ನ ತೊಡೆ ಮೇಲೆ ಇಟ್ಟುಕೊಂಡು ಕೂತಾಗ ತಡಿಯಾಕೆ ಆಗದೆ ಏನಾದರೂ ಆದರೆ, ಹುಡುಗನ ಹೊಸ ಬಟ್ಟೆ ಹೊಲಸಾದರೆ ಅಂತ ಹೆದರಿ ಬಸ್ಸು ಹತ್ತಿದರಂತೆ. ಡ್ಯೂಟಿ ಇರಲಿಲ್ಲ.

ಅತ್ತೆಯೋರು ಬಂದು ನಮ್ಮ ಹತ್ರ ಅದಾರೆ. ನೀವೂ ಒಂದು ಸಲ ಬರ್ರಿ. ನಾನು ಬರೆದೆ ಅಂತ ಮಾತ್ರ ಹೇಳಬೇಡ್ರಿ.

ನಿಮ್ಮ ಮನೆ ಸೊಸೆ
ಅಂಜಮ್ಮ


ಜಗಳೂರು
೨೭ ಡಿಸೆಂಬರ್ ೧೯೮೧

ತಿಪ್ಪೇಶ,

ನಿನ್ನ ನೋಡಿ ಬಂದ ಮೇಲೆ ನನಗೆ ಮನೆಯಾಗೆ ಕೈ ಕಾಲು ಆಡ್ತಿಲ್ಲ. ನ್ಯಾಮತಿಯಾಗೆ ನಿನ್ನ ಎದುರಿಗೆ ಕೂತಷ್ಟು ಹೊತ್ತೂ ಬಸ್ಸಿನ ಮಾತು, ಮಳೆ ಮಾತು, ಮೆಕ್ಕೆಜೋಳದ ಮಾತು ಆಡಿದೆ. ಹೊರಡೋವಾಗ ನಿನ್ನ ಮುಂಗೈ ಹಿಡಿದೆನಲ್ಲ, ನನ್ನ ಹೆಬ್ಬೆರಳು ಕಿರುಬೆರಳು ಕೂಡಿದವು.

ಅವ್ವ ನಿನಗೆ ಗಂಜಿ ಕುಡಿಸಿ, ನೀನು ಎದ್ದು ಹಿತ್ತಲಿಗೆ ಹೋದ ಮೇಲೆ ಬಟ್ಟಲು ಹಿಡಿದು ಹಂಗೇ ಕೂತಿರ್ತಾಳೆ. ವಾಪಸ್ಸು ಬಂದ ಮೇಲೆ ಇನ್ನೊಂದು ಸಲ ಕುಡಿಸ್ತಾಳೆ. ಅದು ಎಷ್ಟು ನಿಲ್ತೈತೋ ಅವಳಿಗೆ ಗೊತ್ತಿಲ್ಲದೆ ಇಲ್ಲ.

ಚಿಕ್ಕಹನುಮಂತಪ್ಪ ಮಾವ ನನಗೂ ಬರೆದಾರೆ. ಆ ದೊಡ್ಡ ಡಾಕ್ಟರು ನಿನ್ನಂಗೆ ಆಪರೇಷನ್ ಆದೋರಿಗೆಲ್ಲ ಕಾರ್ಡು ಹಾಕಿ ಕರೀತಾ ಅದಾರಂತೆ. ಹೊಲಿದದ್ದನ್ನ ಬಿಚ್ಚಿ ಕರುಳು ಮೊದಲಿನಂಗೆ ಸೇರಿಸ್ತಾರಂತೆ. ನಿನಗೂ ಎರಡು ಕಾರ್ಡು ಬಂದಿದ್ದವಂತಲ್ಲ. ಯಾಕೋ ಹೇಳಲಿಲ್ಲ? ಕಾಲು ಗಟ್ಟಿಯಾದ ತಕ್ಷಣ ಹೋಗು. ನಿಮ್ಮ ಭಾವ ಜೊತೆಗೆ ಬರ್ತಾರೆ.

ನಿನ್ನ ಅಕ್ಕ


ನ್ಯಾಮತಿ
೧೪ ಮಾರ್ಚ್ ೧೯೮೨

ಅಕ್ಕನಿಗೆ,

ಭಾವನ್ನ ಕಳಿಸಬೇಡ. ನಾನು ಹೋಗಲ್ಲ.

ಕಾಲು ಕೂಡೈತೆ, ಹಗಲು ಡ್ಯೂಟಿ ಮಾತ್ರ ಮಾಡ್ತೀನಿ. ಡಾಕ್ಟರು ಕಾರ್ಡಿನಾಗೆ ಏನು ಬರೆದಾರೆ ಅಂತ ನಿನಗೆ ಮಾವ ಅರ್ಧ ಹೇಳ್ಯಾರೆ. ಮೊದಲಿನಂಗೆ ಸೇರಿಸಿದರೆ ಮೈ ಮೊದಲಿನಂಗೇ ಆಗ್ತೈತೆ ಅಂತಲೂ ಬರೆದಾರೆ. ಹೋದದ್ದಷ್ಟೂ ತಿರುಗಿ ಬರ್ತೈತೆ.

ನಿನಗೆ ಹೇಳಿಲ್ಲ ಒಂದು ಸಂಗತಿ. ನಾನು ಏಳನೇ ಕ್ಲಾಸಿನಾಗಿದ್ದಾಗ ಅಪ್ಪನ ಜೊತೆ ಸಂತೇಬೆನ್ನೂರು ಸಂತೆಗೆ ಹೋಗಿದ್ದೆ. ಮೆಣಸಿನಕಾಯಿ ಚೀಲ ತೂಗೋ ದೊಡ್ಡ ತಕ್ಕಡಿ ಮರಕ್ಕೆ ಕಟ್ಟಿದ್ದರು. ಅಪ್ಪ ಆವಾಗ ಕೆಲಸ ಮಾಡ್ತಿದ್ದ ಸಾವ್ಕಾರ, "ಏಯ್, ನಿನ್ನ ಮಗನ್ನ ಕೂರಿಸೋ, ನೋಡಾಣ" ಅಂದ. ಕೂರಿಸಿದರು. ಆ ಕಡೆ ಚೀಲದ ಮೇಲೆ ಚೀಲ ಇಡ್ತಾ ಹೋದರು. ಚೀಲ ಇಟ್ಟಾಗೆಲ್ಲ ಸಂತೆ ಜನ ಹೋ ಅಂತ ಕೂಗಿದರು. ನಾನು ಹಗ್ಗ ಹಿಡ್ಕೊಂಡು ಅಪ್ಪನ್ನ ನೋಡಿದೆ. ಅಪ್ಪನೂ ನಗ್ತಿದ್ದ. ಸಾವ್ಕಾರ ನಗೋವಾಗ ಅವನು ಹೆಂಗೆ ನಗದೆ ಇರ್ತಾನೆ? ಮನೆಗೆ ಬರೋ ದಾರಿಯಾಗೆ ಕಾರಮಂಡಕ್ಕಿ ಕೊಡಿಸಿದ. ಅದನ್ನ ತಿನ್ನಾಕೆ ನನಗೆ ನಾಚಿಕೆ ಆಯ್ತು, ತಿಂದೆ.

ಈಗ ನನಗೆ ನೋವೈತೆ, ಕಣ್ಣು ಮಂಜೈತೆ, ಹೊಟ್ಟೆ ನಿಲ್ಲಲ್ಲ. ಆದರೆ ದಾರಿಯಾಗೆ ಹೋಗೋವಾಗ ಯಾರೂ ತಿರುಗಿ ನೋಡಲ್ಲ ಅಕ್ಕ. ಅದನ್ನ ಬಿಟ್ಟುಕೊಡು ಅಂತೀಯಲ್ಲ.

ತಿಪ್ಪೇಶ


ನ್ಯಾಮತಿ
೩೦ ಅಕ್ಟೋಬರ್ ೧೯೮೨

ಅಕ್ಕಾರಿಗೆ ಅಂಜಮ್ಮನ ನಮಸ್ಕಾರ.

ಗಾಬರಿ ಬೀಳಬೇಡ್ರಿ, ಇವರು ಅದಾರೆ. ದಾವಣಗೆರೆ ಆಸ್ಪತ್ರೆಯಿಂದ ನಿನ್ನೆ ಕರೆದುಕೊಂಡು ಬಂದೆ.

ಮಂಗಳವಾರ ಟಿಕೆಟ್ ಕೊಡೋವಾಗಲೇ ಬಸ್ಸಿನಾಗೆ ಕುಸಿದರು. ಕೈ ಕಾಲು ಸೆಟೆದುಕೊಂಡು ಅಲ್ಲಾಡಿಸಾಕೆ ಬರ್ತಿರಲಿಲ್ಲ, ಆದರೆ ಬುದ್ಧಿ ಇತ್ತು, ಎಲ್ಲಾ ಕೇಳಿಸ್ತಿತ್ತಂತೆ. ಮೂಕಪ್ಪಣ್ಣ ನಡುವೆ ಎಲ್ಲೂ ನಿಲ್ಲಿಸದೆ ಬಸ್ಸನ್ನ ಸೀದಾ ಆಸ್ಪತ್ರೆ ಗೇಟಿಗೆ ತಂದ. ತುಂಬಿದ ಬಸ್ಸು, ಇಳಿಯೋ ಊರು ದಾಟಿ ಹೋದರೂ ಒಬ್ಬರೂ ಬಾಯಿ ತೆಗೆಯಲಿಲ್ಲವಂತೆ. ಉಬ್ರಾಣಿ ಕಡೆಯ ಒಬ್ಬ ಯಜಮಾನ ಇವರನ್ನ ಒಬ್ಬನೇ ಎತ್ತಿಕೊಂಡು ಮೆಟ್ಟಿಲು ಹತ್ತಿದನಂತೆ. ಎತ್ತಿದಾಗ, "ಅಯ್ಯೋ, ಕೂಸು ಇದ್ದಂಗೈತಲ್ಲೋ ಮಾರಾಯ, ಏನೂ ಭಾರನೇ ಇಲ್ಲ" ಅಂದನಂತೆ.

ರಕ್ತದಾಗೆ ಇರಬೇಕಾದ ಉಪ್ಪಿನಂಶ ಪೂರಾ ಇಳಿದಿತ್ತಂತೆ. ಇನ್ನು ಸ್ವಲ್ಪ ಆಗಿದ್ದರೆ ಗುಂಡಿಗೆನೇ ನಿಲ್ತಿತ್ತು ಅಂದರು. ಕಣ್ಣೂ ಅರಿಶಿಣ ಆಗ್ಯಾವೆ. ಈಲಿಗೂ ಹತ್ತೈತಂತೆ, ಲಿವರ್ ಅಂದರು.

ಬಾಟಲಿ ಇಳೀತಿದ್ದಾಗ ಇವರು ನನ್ನ ಕಡೆ ನೋಡಿ, "ಅಂಜೀ, ಹಗುರ ಇದೀಯ ಅಂತ ಯಾರಾದರೂ ಅನ್ನಲಿ ಅಂತ ಹುಟ್ಟಿದಾಗಿಂದ ಕಾಯ್ತಿದ್ದೆ. ಆವತ್ತು ಅಂದರು ನೋಡು" ಅಂದರು. ಆಮೇಲೆ ಅತ್ತರು. ನಾನು ಒಂದೇ ಮಾತು ಹೇಳಿದೆ. "ನನಗೆ ದಪ್ಪಗಿರೋ ಗಂಡ ಬೇಕು, ಗೋಡೆ ಮೇಲಿನ ಫೋಟೋದಾಗಿರೋ ತೆಳ್ಳನೆ ಗಂಡ ಬೇಡ" ಅಂದೆ. ಒರಟಾಗಿ ಅಂದೆ ಅನ್ನಿಸ್ತೈತೆ. ಇವರು ಬೆಳಗ್ಗೆ ಎದ್ದು ಬೊಂಬಾಯಿ ಮಾವನಿಗೆ ಕಾಗದ ಬರಿ ಅಂದರು.

ನಿಮ್ಮ
ಅಂಜಮ್ಮ


ಬೊಂಬಾಯಿ
೨೨ ಜನವರಿ ೧೯೮೩

ಅಕ್ಕ,

ಬಿಚ್ಚಿ ಸೇರಿಸಿದರು. ನಿನ್ನೆಯಿಂದ ಗಂಜಿ ಕುಡಿಯಾಕೆ ಬಿಟ್ಟಾರೆ. ಎಡಗಡೆ ಮೂತ್ರಪಿಂಡ ಕಲ್ಲಿನಿಂದ ಪೂರಾ ಕೆಟ್ಟಿತ್ತು, ಅದನ್ನ ತೆಗೆಯಬೇಕಾಯ್ತು. ಈಲಿ ಕೆಟ್ಟು ಗಟ್ಟಿಯಾಗೈತೆ, ಆದಷ್ಟು ಆಗೈತೆ, ಇನ್ನು ಮುಂದಕ್ಕೆ ಹೋಗದಿರಬಹುದು ಅಂದಾರೆ. ಭಾವ ದಿನಾ ಹಾಸಿಗೆ ಪಕ್ಕ ಕೂತಿರ್ತಾರೆ. ಭಾಷೆ ಬರಲ್ಲ ಅಂತ ನರ್ಸಮ್ಮಗಳಿಗೆ ಬರೀ ಕೈ ಮುಗೀತಾರೆ.

ದೊಡ್ಡ ಡಾಕ್ಟರಿಗೆ ಕೂದಲು ಬೆಳ್ಳಗಾಗೈತೆ. ನಿನ್ನೆ ಮಾವ ಇದ್ದ ಹೊತ್ತಿನಾಗೆ ಒಬ್ಬರೇ ಬಂದು ಸ್ಟೂಲಿನ ಮೇಲೆ ಕೂತರು. "ಎರಡನೇ ವರ್ಷದಿಂದ ಯಾಕೆ ಬರಲಿಲ್ಲ?" ಅಂದರು. ಬಸ್ಸಿನ ಡ್ಯೂಟಿ ಅಂದೆ. ಆಮೇಲೆ ನಾನು ಧೈರ್ಯ ಮಾಡಿ ಮಾವನ ಕೈಲಿ ಕೇಳಿಸಿದೆ: "ಹಿಂಗೆಲ್ಲ ಆಗ್ತೈತೆ ಅಂತ ನಿಮಗೆ ಗೊತ್ತಿತ್ತೇನ್ರಿ?" ಅವರು ಕನ್ನಡಕ ತೆಗೆದು ಒರೆಸಿಕೊಂಡು, "ಹೊಟ್ಟೆ ಓಡೋದು ಗೊತ್ತಿತ್ತು. ಐದಾರು ವರ್ಷದ ಮೇಲೆ ಏನಾಗ್ತೈತೆ ಅಂತ ಗೊತ್ತಿರಲಿಲ್ಲ. ಆ ಐದಾರು ವರ್ಷ ಬದುಕಿ ತೋರಿಸಿದೋರು ನೀವು" ಅಂದರು. ಆಪರೇಷನ್ ಆದೋರಾಗೆ ಹೆಂಗಸರು ತಪ್ಪದೆ ಬಂದು ತೋರಿಸಿಕೊಂಡರಂತೆ, ವಯಸ್ಸಿನ ಗಂಡು ಹುಡುಗರೇ ಬರಲಿಲ್ಲವಂತೆ. ಕೆಲವರ ಕಾರ್ಡು ಹಂಗೇ ವಾಪಸ್ಸು ಬಂದಾವೆ.

ಅವರ ಮೇಲೆ ಸಿಟ್ಟು ಮಾಡಬೇಕು ಅಂತ ನೋಡಿದೆ. ಅವರು ಹೊದಿಕೆ ಸರಿ ಮಾಡಿ ಎದ್ದು ಹೋದರು. ಬೆನ್ನು ಬಾಗಿತ್ತು.

ನಿನ್ನ ತಮ್ಮ


ಜಗಳೂರು
೫ ಆಗಸ್ಟ್ ೧೯೮೫

ನನ್ನ ತಿಪ್ಪೇಶನಿಗೆ,

ಮೊನ್ನೆ ನೀನು, ಅಂಜಮ್ಮ, ಮಗಳು ಮೂವರೂ ಬಂದು ಹೋದ ಮೇಲೆ ಮನೆ ಬಣಬಣ ಅಂತೈತೆ. ನೀನು ಕೂತಿದ್ದ ಮಂಚದ ಹಗ್ಗ ಜಗ್ಗಿತ್ತು, ನಿಮ್ಮ ಭಾವ ಬಿಗಿ ಮಾಡಿದರು. ನಗ್ತಾ ಮಾಡಿದರು ಕಣೋ, ತಪ್ಪು ತಿಳ್ಕೋಬೇಡ.

ನೀನು ನನ್ನ ಮನೆಯಾಗೆ ಕೂತು ಮುದ್ದೆ ಉಂಡೆ. ಎರಡನೇ ಸಲ ಸಾರು ಹಾಕಿಸಿಕೊಂಡೆ. ಅವ್ವ ಇರಬೇಕಿತ್ತು. ಆದರೂ ಹೋಗೋ ಮುಂಚೆ ನಿನ್ನ ಕೆನ್ನೆ ತುಂಬಿದ್ದನ್ನ ನೋಡಿದಳಲ್ಲ. ಹೆಣ್ಣು ಮಗುವಿಗೆ ಅವಳ ಹೆಸರಿಟ್ಟದ್ದು ಒಳ್ಳೇದಾಯ್ತು.

ಬಸ್ ಸ್ಟ್ಯಾಂಡಿನಾಗೆ ಮತ್ತೆ ಏಜೆಂಟ್ ಆಗಿ ಕೂರೋದು ನಿನಗೆ ಹೆಂಗೈತೆ ಅಂತ ಕೇಳಿದರೆ, "ಕೂಗಾಕೆ ದನಿ ಐತಲ್ಲ" ಅಂದೆ. ನನ್ನ ಮನಸ್ಸಿನಾಗೆ ಒಂದು ಮಾತು ಉಳಿದೈತೆ, ಎದುರಿಗೆ ಕೇಳಾಕೆ ಆಗಲಿಲ್ಲ. ಆ ಡಾಕ್ಟರು ಮೊದಲೇ ಇದನ್ನೆಲ್ಲ ಬಿಡಿಸಿ ಹೇಳಿದ್ದರೆ ನೀನು ಮಾಡಿಸಿಕೊಳ್ತಿರಲಿಲ್ಲ ಅಲ್ಲ?

ನಿನ್ನ ಅಕ್ಕ
ಹನುಮಂತಮ್ಮ


ನ್ಯಾಮತಿ
೧೭ ನವೆಂಬರ್ ೧೯೮೫

ಅಕ್ಕನಿಗೆ,

ನಿನ್ನ ಮಾತಿಗೆ ಉತ್ತರ ಬರೆಯಾಕೆ ಇಷ್ಟು ದಿನ ಹಿಡೀತು. ಸುಳ್ಳು ಬರೆಯೋದಾದರೆ ಮಾರನೇ ದಿನವೇ ಬರೀತಿದ್ದೆ.

ಹೇಳಿದ್ದರೂ ಮಾಡಿಸಿಕೊಳ್ತಿದ್ದೆ ಅಕ್ಕ. ಇಪ್ಪತ್ತೆರಡರ ಹುಡುಗನಿಗೆ ಮೂವತ್ತು ಅನ್ನೋದು ಬೇರೆ ಯಾರದೋ ವಯಸ್ಸು. ಮೂವತ್ತಕ್ಕೆ ಕಣ್ಣು ಹೋಗ್ತೈತೆ ಅಂದಿದ್ದರೆ, ಅಷ್ಟು ದಿನ ಕಾಣ್ತೈತಲ್ಲ ಸಾಕು ಅಂತಿದ್ದೆ. ಆ ಹುಡುಗನ ಮೇಲೆ ನನಗೆ ಸಿಟ್ಟು ಬರಲ್ಲ. ಆದರೆ ವರ್ಷ ವರ್ಷ ಹೋಗಿ ತೋರಿಸಿಕೊಂಡಿದ್ದರೆ ಮೂತ್ರಪಿಂಡ ಉಳೀತಿತ್ತು, ಮೂಳೆ ಉಳೀತಿದ್ದವು. ಮೊದಲನೇ ಕಾರ್ಡಿಗೇ ಎದ್ದು ಹೋಗಿದ್ದರೂ ಈಲಿ ಇಷ್ಟು ಕೆಡ್ತಿರಲಿಲ್ಲ. ಮತ್ತೆ ದಪ್ಪಗಾಗ್ತೀನಿ ಅನ್ನೋ ಹೆದರಿಕೆಯಾಗೆ ಆ ವರ್ಷಗಳನ್ನ ಕಳೆದುಕೊಂಡೆ, ಈಗ ದಪ್ಪಗೂ ಆದೆ. ಈ ಮೈಯಾಗೆ ಮೊದಲಿನ ಶಕ್ತಿ ಇಲ್ಲ. ತೂಕ ಒಂದೇ ತಿರುಗಿ ಬಂತು.

ಇದನ್ನ ಇಲ್ಲಿಗೇ ಮುಗಿಸಾಣ ಅಂತಿದ್ದೆ. ಆದರೆ ನಿನ್ನೆ ನಡೆದದ್ದು ಬರೀಬೇಕು.

ಸವಳಂಗದಿಂದ ಅಂಜಮ್ಮನ ಸಂಬಂಧಿಕರು ಬಂದಿದ್ದರು. ಅವರಾಗೆ ಒಬ್ಬಾಕೆ ಗಾದ್ರಮ್ಮ ಅಂತ, ನನ್ನ ಮಗಳ ಕೆನ್ನೆ ಹಿಂಡಿ, "ಅಪ್ಪನ ಮೈಯೇ ಬಂದೈತೆ ಕಣೇ ಇವಳಿಗೆ. ಹೆಣ್ಣು ಮಗು, ಈಗಲೇ ನೋಡಿಕೊಳ್ಳೇ" ಅಂದಳು. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಅವರು ಹೋದ ಮೇಲೆ ಮಗಳು ತಟ್ಟೆ ಮುಂದೆ ಕೂತಿತ್ತು. ಅಂಜಮ್ಮ ಇದ್ದಕ್ಕಿದ್ದಂಗೆ ಆ ತಟ್ಟೆ ಎತ್ತಿಕೊಂಡಳು. "ಸಾಕು, ಏಳು" ಅಂದಳು. ಕೂಸು ಅಳಲಿಲ್ಲ. ಕೈಯಾಗಿದ್ದ ತುತ್ತನ್ನ ಬಾಯಿಗೆ ಇಡಬೇಕೋ ಕೆಳಗೆ ಇಡಬೇಕೋ ಅಂತ ನನ್ನ ಮುಖ ನೋಡ್ತು.

ಅಂಜಮ್ಮ ಆ ತಟ್ಟೆನ ಎದೆಗೆ ಒತ್ತಿ ಹಿಡಿದು ನಿಂತಿದ್ದಳು ಅಕ್ಕ. ನನ್ನ ಜೊತೆ ಇಷ್ಟು ವರ್ಷ ಆಸ್ಪತ್ರೆ ಸುತ್ತಿ ಸುತ್ತಿ ಅವಳಿಗೆ ಬಂದ ಹೆದರಿಕೆ ಅದು. ನಾನು ಅವಳ ಕೈಯಿಂದ ತಟ್ಟೆ ಈಸಿಕೊಂಡೆ. ನನಗೆ ನೆಲದ ಮೇಲೆ ಕೂತು ಏಳೋದು ಕಷ್ಟ, ಆದರೂ ಕೂತೆ. ಅನ್ನಕ್ಕೆ ಸಾರು ಹಾಕಿ, ತುಪ್ಪ ಒಂದಿಷ್ಟು ಹಾಕಿ, ಮೆತ್ತಗೆ ಕಲಸಿದೆ. ಕೂಸು ಬಂದು ನನ್ನ ಹೊಟ್ಟೆಗೆ ಒರಗಿ ಕೂತ್ಕೊಂಡಿತು.

"ಇನ್ನೂ ಬೇಕೇನವ್ವ?" ಅಂದೆ.

"ಹೂಂ" ಅಂತು.

ಅಂಜಮ್ಮ ಒಲೆ ಹತ್ರ ನಿಂತು ನೋಡ್ತಿದ್ದಳು. ಆಮೇಲೆ ತಾನೇ ಪಾತ್ರೆ ತಂದು ನಮ್ಮ ಪಕ್ಕ ಇಟ್ಟು, ಇನ್ನೊಂದು ಸೌಟು ಬಡಿಸಿದಳು.

ತಿಪ್ಪೇಶ